ಕ್ಯಾಮೆರಾಕ್ಕೆ ಬೊಟ್ಟು

ನಮ್ಮ ಮನೆಯಲ್ಲಿ ಕುಂಕುಮದ ಬೊಟ್ಟಿಲ್ಲದ ಯಂತ್ರ ಹುಡುಕಲು ನೀವು ಸ್ವಲ್ಪ ಕಷ್ಟಪಡಬೇಕು. ಫ್ರಿಜ್ಜಿನ ಹಣೆಗೊಂದು, ಸ್ಕೂಟರಿನ ದೀಪಕ್ಕೊಂದು, ಮಿಕ್ಸಿಯ ಹೊಟ್ಟೆಗೊಂದು. ಹೋದ ಆಯುಧಪೂಜೆಯದು ಮಾಸುವ ಮುನ್ನವೇ ಈ ವರ್ಷದ್ದು ಬಂದು ಕೂರುತ್ತದೆ. ಮೈಸೂರಿನ ಅಗ್ರಹಾರದಲ್ಲಿ ಹಿಟ್ಟಿನ ಗಿರಣಿ ನಡೆಸುವ ನನಗೆ ಏಳನೇ ತರಗತಿಯ ಆಚೆಗಿನ ವಿದ್ಯೆ ಒಲಿಯಲಿಲ್ಲವಾದರೂ, ಯಂತ್ರಗಳನ್ನು ಉಜ್ಜಿ, ಒರೆಸಿ, ಸಿಂಗರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮಾತ್ರ ಧಾರಾಳವಾಗಿತ್ತು.

ಆ ಜಂಬ ಇಳಿಸಿದ್ದು ತಂಗಿ ಸುಮಾಳ ಕ್ಯಾಮೆರಾ. ಮದುವೆಗಳ ಫೋಟೊ ತೆಗೆಯುವ ಅವಳಿಗೆ ಸಿಂಗಪುರದ ಮದುವೆಯೊಂದಕ್ಕೆ ಕರೆ ಬಂದಾಗ, ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ಚೀಲ ಹೊತ್ತವನು ನಾನು. ದುಬಾರಿ ಕ್ಯಾಮೆರಾ ಒಯ್ಯುವವರು ಹೊರಡುವಾಗಲೇ ಕಸ್ಟಮ್ಸ್‌ನವರಿಗೆ ತೋರಿಸಿ, ಅದರ ಮೈಮೇಲಿನ ನಂಬರ್ ಬರೆಸಿ, ಚೀಟಿ ಪಡೆಯಬೇಕಂತೆ; ಇಲ್ಲದಿದ್ದರೆ ಮರಳುವಾಗ ಅಲ್ಲೇ ಕೊಂಡ ಹೊಸ ಸರಕೆಂದು ಸುಂಕ ಕೇಳಬಹುದಂತೆ. ನಮ್ಮ ವಸ್ತು ನಮ್ಮದೆನ್ನಲು ನಮ್ಮ ಬಾಯಿ ಸಾಲದು, ಆ ವಸ್ತುವೇ ಸಾಕ್ಷಿ ಹೇಳಬೇಕು.

ಹೊರಗೆ ಕಾಯುತ್ತಿದ್ದ ನನ್ನನ್ನು ಸುಮಾ ಬಾಗಿಲ ಬಳಿಗೆ ಕರೆದು, ಕ್ಯಾಮೆರಾ ಕೈಗಿಟ್ಟಳು.

"ನಂಬರ್ ಅಳಿಸೋಗಿದೆ ಅಣ್ಣ, ಚೀಟಿ ಕೊಡಲ್ವಂತೆ. ಇದನ್ನ ಮನೆಗೆ ತಗೊಂಡೋಗು, ಚೀಲದಲ್ಲಿರೋ ಹಳೇ ಕ್ಯಾಮೆರಾದಲ್ಲೇ ತೆಗೀತೀನಿ."

ಅಳಿಸಿದ್ದು ಯಾರೆಂದು ನನಗೆ ಆ ಕ್ಷಣವೇ ಹೊಳೆಯಿತು. ಹಿಂದಿನ ಆಯುಧಪೂಜೆಯಂದು ಅವಳು ಮನೆಯಲ್ಲಿಲ್ಲದಾಗ, ಅಂಟಿದ್ದ ಹಳೆಯ ಅರಿಶಿನ ಹೋಗಲೆಂದು, ಗಿರಣಿ ಉಜ್ಜಿದ ತೆಂಗಿನ ನಾರು, ಸೋಪಿನಲ್ಲೇ ನಂಬರಿದ್ದ ಅದರ ಅಡಿಯನ್ನೂ ಫಳಫಳ ಮಾಡಿದ್ದೆ. ಆದರೂ ಬಾಯಿಗೆ ಬಂದದ್ದು, "ಬಿಸಿಲಿಗೆ ಹೋಗಿರ್ಬೇಕು ಬುಡು" ಎಂಬ ಮಾತು. ಅವಳು ತಲೆಯಾಡಿಸಿ ಒಳಗೆ ಹೋದಳು. ಮೈಸೂರಿನ ಬಸ್ಸಿನಲ್ಲಿ ಆ ಕ್ಯಾಮೆರಾ ತೊಡೆಯ ಮೇಲೆ, ಗದರಿಸದೆಯೇ ನೋಡುವ ಹಿರಿಯರ ಹಾಗೆ, ಕೂತೇ ಬಂತು.

ಹಳೆಯ ಕ್ಯಾಮೆರಾದಲ್ಲಿ ಆರತಕ್ಷತೆಯ ಫೋಟೊಗಳು ಮಂಕಾಗಿ ಬಂದವು. ಆ ಮನೆಯವರು ಎರಡನೆಯ ಮಗಳ ಮದುವೆಗೆ ಬೇರೆಯವರನ್ನು ಕರೆದರು. ಜನಕ್ಕೆ ಕಣ್ಣೇ ಇಲ್ಲವೆಂದು ತಂಗಿಯನ್ನು ಸಮಾಧಾನಪಡಿಸಿದವನೂ ನಾನೇ. ತಪ್ಪು ಮಾಡಿದವನು ಸಮಾಧಾನ ಹೇಳುವಾಗ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು ನನಗೇ ಆಶ್ಚರ್ಯವಾಯಿತು.

ಈ ಸಲದ ಆಯುಧಪೂಜೆಯಲ್ಲಿ ಎಲ್ಲಕ್ಕೂ ಬೊಟ್ಟಿಟ್ಟೆ, ಕ್ಯಾಮೆರಾದ ಹತ್ತಿರ ಮಾತ್ರ ಬೆರಳು ಹೋಗಲಿಲ್ಲ. ಸುಮಾ ಬಂದು ನೋಡಿದಳು.

"ಇದೊಂದಕ್ಕೆ ಯಾಕಣ್ಣ ಬೊಟ್ಟಿಲ್ಲ?"

ಕುಂಕುಮದ ಬಟ್ಟಲು ಹಿಡಿದುಕೊಂಡೇ ಎಲ್ಲ ಹೇಳಿದೆ: ನಾರು, ಸೋಪು, ಬಿಸಿಲಿನ ಸುಳ್ಳು.

"ಗೊತ್ತು ಕಣಣ್ಣ. ಸಂದೀಲಿ ಪೂಜೆ ಅರಿಶಿನ ಉಳಿದಿತ್ತಲ್ಲ, ಉಜ್ಜೋನು ನೀನೇ ತಾನೆ. ಯಾರಮ್ಮ ಹಿಂಗೆ ಉಜ್ಜಿದ್ದು ಅಂತ ಆಫೀಸರು ಕೇಳಿದ್ರು. ನಾನೇ ಅಂದೆ."

ನನ್ನ ಸುಳ್ಳಿಗಿಂತ ಮೊದಲೇ ನನಗಾಗಿ ಒಂದು ಸುಳ್ಳು ಹೇಳಿ ಬಂದಿದ್ದಳು, ಅದನ್ನು ಎಂದೂ ಎತ್ತಿ ಆಡಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಮೈಮೇಲೆ ಬೊಟ್ಟಿಲ್ಲದ ಯಂತ್ರ ಒಂದಿದೆ, ಹುಡುಕುವ ಕಷ್ಟವಿಲ್ಲ. ಅದರ ಬೊಟ್ಟು ಕೊರಳಿಗೆ ಹಾಕುವ ಪಟ್ಟಿಯ ಮೇಲಿದೆ. ಅಂದು ಸುಮಾ ನನ್ನ ಬೆರಳು ಹಿಡಿದು ಇಡಿಸಿದ್ದು.