ಗೌರವಿಸಿದ್ದಕ್ಕೆ ಅರೆಸ್ಟ್

ಒಬ್ಬರನ್ನೊಬ್ಬರು ಗೌರವಿಸಿದ ತಪ್ಪಿಗೆ ಇಬ್ಬರು ಗಂಡಸರು ಜೈಲಿಗೆ ಹೋದದ್ದನ್ನು ನೀವು ಕೇಳಿದ್ದೀರಾ? ನಾನು ಕಳೆದ ಭಾನುವಾರ ಲಂಡನ್ನಿನ ಗ್ರೀನ್‌ಫರ್ಡ್‌ನ ಒಂದು ಹಾಲ್‌ನಲ್ಲಿ ಕಣ್ಣಾರೆ ನೋಡಿದೆ.

ನಮ್ಮ ಕನ್ನಡ ಬಳಗ ಆಗಾಗ ಸಿನಿಮಾ ತೋರಿಸುತ್ತದೆ. ಈ ಸಲ ಚಿತ್ರ ಆರಿಸಿದವನು ನನ್ನ ಗೆಳೆಯ ರೋಷನ್. (ಹೆಸರು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆಯಿದೆ.) ನೂರು ವರ್ಷ ಹಳೆಯ ಮೂಕಿ ಚಿತ್ರ. ಒಬ್ಬ ದರ್ಜಿ, ಅವನ ಒಬ್ಬ ಗಿರಾಕಿ, ಇಬ್ಬರ ನಡುವಿನ ಪ್ರೀತಿ. ಮನೆಯೊಡತಿ ಬಾಗಿಲ ಸಂದಿಯಿಂದ ನೋಡಿ ಪೊಲೀಸರಿಗೆ ಹೇಳುತ್ತಾಳೆ. ಆಗಿನ ಕಾನೂನಿಗೆ ಅದು ಅಪರಾಧ.

"ಮೂಕಿ ಅಂದ್ರೆ ಒಳ್ಳೇದೇ ಬಿಡಪ್ಪ, ಫ್ಯಾಮಿಲಿ ಎಲ್ಲ ಕೂತು ನೋಡಬಹುದು" ಎಂದು ಕಾರ್ಯದರ್ಶಿ ಅಂಕಲ್ ಚಿತ್ರ ನೋಡದೆಯೇ ಒಪ್ಪಿದ್ದರು. ಮಾತೇ ಇಲ್ಲದ ಮೇಲೆ ಕೆಟ್ಟ ಮಾತು ಎಲ್ಲಿಂದ ಬರಬೇಕು?

ರೋಷನ್‌ಗೆ ಬೇಕಿದ್ದದ್ದು ಒಬ್ಬರೇ ಪ್ರೇಕ್ಷಕರು. ಅವನ ಅಮ್ಮ, ಉಡುಪಿ ಕಡೆಯ ಜೆಸಿಂತಾ ಆಂಟಿ. ಎಜ್‌ವೇರ್‌ನಲ್ಲಿ ಅವನೂ ಡೇನಿಯಲ್ಲೂ ಜೊತೆಯಾಗಿ ಬಾಳುತ್ತಿದ್ದಾರೆ. ಆಂಟಿಗೆ ಮಾತ್ರ ಡೇನಿಯಲ್ ಇನ್ನೂ 'ಫ್ಲಾಟ್‌ಮೇಟ್'. (ಲಂಡನ್ನಿನ ದುಬಾರಿ ಬಾಡಿಗೆಯಿಂದ ಇದೊಂದು ಉಪಕಾರ. ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.)

"ಅರ್ಧ ಸಿನಿಮಾ ಹೇಳಲಿ, ಉಳಿದದ್ದು ನಾನೇ ಹೇಳ್ತೇನೆ" ಎಂದಿದ್ದ. ತೆರೆಯ ಮೇಲೆ ಬರುವ ಇಂಗ್ಲಿಷ್ ಬರಹವನ್ನು ಹಿರಿಯರಿಗಾಗಿ ಕನ್ನಡದಲ್ಲಿ ಓದುವ ಕೆಲಸ ನನ್ನದು.

ದರ್ಜಿ ಗಿರಾಕಿಯ ಭುಜದ ಅಳತೆ ತೆಗೆಯುತ್ತಿದ್ದ. ಕೈ ಅಲ್ಲೇ ನಿಂತಿತು. ಬರಹ ಬಂತು. ಓದಿದೆ: "ನಾನು ನಿನ್ನನ್ನು ಪ್ರೀತಿಸುತ್ತೇನೆ."

"ಗೌರವಿಸ್ತೀನಿ ಅಂತ!" ಮುಂದಿನ ಸಾಲಿನಿಂದ ಕಾರ್ಯದರ್ಶಿ ಅಂಕಲ್ ತಿದ್ದಿದರು. "ಹಳೇ ಇಂಗ್ಲಿಷ್ ಅಲ್ವಾ, ಹಂಗೇ ಇರುತ್ತೆ."

ನಾನು ಮತ್ತೆ ಓದಿದೆ. ಅವರು ಮತ್ತೆ ತಿದ್ದಿದರು. ಮೂಕಿ ಚಿತ್ರಕ್ಕೆ ಎರಡೆರಡು ಧ್ವನಿ! ಅಷ್ಟರಲ್ಲಿ ತೆರೆಯ ಮೇಲೆ ಪೊಲೀಸರು ಬಂದರು.

"ಗೌರವ ಕೊಟ್ರೆ ಯಾಕ್ರೀ ಹಿಡ್ಕೊಂಡು ಹೋಗ್ತಾರ?" ಹಿಂದಿನಿಂದ ಒಬ್ಬ ಧಾರವಾಡದ ಅಜ್ಜಿ ಕೇಳಿದರು.

ಅಂಕಲ್ ಒಂದು ಕ್ಷಣ ಯೋಚಿಸಿದರು. "ಟ್ಯಾಕ್ಸ್ ಕಟ್ಟಿರಲಿಲ್ಲ."

"ಮತ್ತ ಇನ್ನೊಬ್ಬಾಂವ ಯಾಕ ಹಂಗ ಅಳಾಕತ್ತಾನ? ಅವಂದೂ ಬಾಕಿ ಐತೇನು?"

ಹಾಲ್‌ ತುಂಬ ನಗು. ಆಗ ಜೆಸಿಂತಾ ಆಂಟಿ ಎದ್ದು ನಿಂತರು.

"ಎಂತ ಟ್ಯಾಕ್ಸ್ ಮಾರಾಯ್ರೆ? ಪ್ರೀತಿ ಮಾಡಿದ್ದಕ್ಕೆ ಹಿಡಿದದ್ದು! ಅವರ ಮುಖ ನೋಡಿದ್ರೆ ಗೊತ್ತಾಗುದಿಲ್ವಾ ನಿಮಗೆ?"

ರೋಷನ್ ನನ್ನತ್ತ ನೋಡಿದ. ಅವನ ಮುಖ ಅಷ್ಟು ಹಗುರಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ದರ್ಜಿ ಜೈಲಿನಲ್ಲೇ ಸತ್ತ. ದೀಪ ಹೊತ್ತಿದಾಗ ಆಂಟಿ ನಿಜವಾಗಿಯೂ ಅಳುತ್ತಿದ್ದರು. "ಪಾಪ, ಯಾರಿಗೆ ಏನು ಅನ್ಯಾಯ ಮಾಡಿದ್ರು ಅವರು? ಆ ಮನೆಯವಳಿಗಾದ್ರೂ ಸುಮ್ಮನಿರ್ಲಿಕ್ಕೆ ಆಗ್ಲಿಲ್ವಾ? ಈಗಾದ್ರೆ ಯಾರಿಗೂ ಹೆದರುದು ಬೇಡ."

ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಜನ ಊಟದ ಸಾಲಿನತ್ತ ನಡೆಯುತ್ತಿದ್ದರು. ರೋಷನ್ ತಾಯಿಯ ಪಕ್ಕದಲ್ಲಿ ಕುಳಿತ.

"ಅಮ್ಮಾ, ಡೇನಿಯಲ್ ನನ್ನ ಫ್ಲಾಟ್‌ಮೇಟ್ ಅಲ್ಲ. ಆ ಇಬ್ಬರ ಹಾಗೆಯೇ ನಾವೂ."

ಆಂಟಿಯ ಅಳು ನಿಂತಿತು. ಮಗನ ಮುಖವನ್ನು ಅವರು ನೋಡಲಿಲ್ಲ. ಮೊದಲು ಎಡಕ್ಕೆ ನೋಡಿದರು, ಆಮೇಲೆ ಬಲಕ್ಕೆ, ಕೊನೆಗೆ ಕುರ್ಚಿಯಲ್ಲೇ ತಿರುಗಿ ಹಿಂದಕ್ಕೆ. "ಮೆಲ್ಲ ಮಾತಾಡು" ಎಂದರು.

ಕಾನೂನು ಬದಲಾಗಿದೆ. ಆ ಹಾಲ್‌ನಲ್ಲಿ ಒಬ್ಬ ಪೊಲೀಸನೂ ಇರಲಿಲ್ಲ. ಹಾಗಾದರೆ ಆಂಟಿ ಹೆದರಿದ್ದು ನಮ್ಮಲ್ಲಿ ಯಾರಿಗೆ?