ಸರೋವರಕ್ಕೆ ಬಂದ ಪೊರೆ
ಸರೋವರದ ನೀರು ಪರೀಕ್ಷಿಸುವ ಅಧಿಕಾರಿಗೆ ಊರವರಿಟ್ಟ ಹೆಸರು ತಟ್ಟೆ ಸಾಹೇಬರು. ಮೊಳಕ್ಕೊಂದು ಗಂಟು ಹಾಕಿದ ಹಗ್ಗದಲ್ಲಿ ಬಿಳಿ ತಟ್ಟೆಯೊಂದನ್ನು ದೋಣಿಯಿಂದ ಮೆಲ್ಲಗೆ ಇಳಿಬಿಟ್ಟು, ಅದು ಎಷ್ಟನೆಯ ಗಂಟಿಗೆ ಕಣ್ಮರೆಯಾಯಿತೆಂದು ಬರೆದುಕೊಳ್ಳುವುದೇ ಅವರ ಉದ್ಯೋಗ. ಮನೆಯಲ್ಲಿ ಲೋಟದ ನೀರು ಕೊಟ್ಟರೂ ತಳ ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಾರೆ. "ಕುಡೀರಿ, ಅದ್ರಲ್ಲಿ ಮೀನಿಲ್ಲ" ಎಂದು ಹೆಂಡತಿ ಗದರುತ್ತಾರೆ. ಆಚೆ ಗುಡ್ಡದ ಕಾಡು ಹೊತ್ತಿ ಉರಿದು, ಮೊದಲ ಮಳೆಗೆ ಬೂದಿಯೆಲ್ಲ ಸರೋವರಕ್ಕಿಳಿದು, ನೀರು ಮೊದಲು ಕಪ್ಪಾಗಿ ಆಮೇಲೆ ಪಾಚಿಗಟ್ಟಿದಾಗಿನಿಂದ ಸಾಹೇಬರಿಗೆ ಊಟ ರುಚಿಸದು. ತಳದ ಗಿಡಗಳಿಗೆ ಬೆಳಕಿಲ್ಲ, ಮೀನುಗಳಿಗೆ ಉಸಿರಿಲ್ಲ. "ಪಾಪ, ಪೊರೆ ಬಂದಿದೆ ಅದಕ್ಕೆ" ಎಂದು ಸಿಕ್ಕಸಿಕ್ಕವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಾರೆ, ಹೆತ್ತ ತಾಯಿಯ ಕಣ್ಣಿನ ಮಾತಾಡುವಂತೆ. ಹಿಂದೆ ಹನ್ನೆರಡು ಗಂಟಿನವರೆಗೂ ಕಾಣುತ್ತಿದ್ದ ತಟ್ಟೆ, ಮೂರು ಮಳೆಗಾಲ ಕಳೆದರೂ ಮೂರೇ ಗಂಟಿಗೆ ಮಾಯ. ಮೊನ್ನೆ ಗಾಳಿಯಿಲ್ಲದ ನಡುಹಗಲು, ದೋಣಿ ನೀರಿನೊಳಗಿನ ಮೋಡಗಳ ಮೇಲೆ ತೂಕಡಿಸುತ್ತ ತೇಲುತ್ತಿದ್ದಾಗ, ಸಾಹೇಬರು ಎಂದಿನಂತೆ "ಹೋಯ್ತು" ಎಂದು ನಿಟ್ಟುಸಿರಿಟ್ಟರು. ಹುಟ್ಟು ಹಾಕಲು ಅವತ್ತಷ್ಟೇ ಹೊಸದಾಗಿ ಬಂದಿದ್ದ ಹೆಂಗಸು ಬಗ್ಗಿ ನೋಡಿ, "ಎಲ್ಲಿ ಹೋಯ್ತು ಸಾರ್? ನಂಗಿನ್ನೂ ಕಾಣ್ತಿದೆಯಲ್ಲ" ಎಂದಳು. ಹಗ್ಗ ಇಳಿಯಿತು, ಐದು, ಏಳು, ಒಂಬತ್ತು. "ಹಾಂ, ಈಗ ಹೋಯ್ತು" ಎಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಬಗ್ಗಿದರು, ಆಮೇಲೆ ಮಗುವಿನ ಹಾಗೆ ನಕ್ಕುಬಿಟ್ಟರು. "ಹಾಗಾದ್ರೆ ಪೊರೆ ಬಂದಿರೋದು ನನ್ನ ಕಣ್ಣಿಗೆ ಕಣಮ್ಮಾ! ಸದ್ಯ, ಅದಕ್ಕಲ್ಲ."