ಟ್ಯಾಬಿಗೊಂದು ಬೊಟ್ಟು

ನನ್ ಸೊಸೆ ಲಕ್ಷ್ಮಿದೇವಿ ಬಗ್ಗೆ ಹೇಳ್ತೀನಿ, ಕೇಳಿ. ಸೊಸೇನ ಹೊಗಳ್ತಾವಳೆ ಅಂದ್ಕೊಂಡ್ರೆ ಅಂದ್ಕೊಳಿ. ಈ ಮರಿತಾಯಮ್ಮಂಗೆ ಯಾರ ಭಯ? ಸಂತೆಮರಹಳ್ಳಿ ಹೆಣ್ಣು ಅವ್ಳು. ನಮ್ಮನೆಗೆ ಬಂದ ಹೊಸದ್ರಲ್ಲಿ ಬಾಯಲ್ಲಿ ಮಾತೇ ಇರ್ಲಿಲ್ಲ. ಈಗ ಹೂವಿನ ಮೂಟೆ ಏರಿಸ್ಕೊಂಡು ಮೊಪೆಡ್ಡಲ್ಲಿ ಗುಂಡ್ಲುಪೇಟೆ ಬೀದೀಲಿ ಹಾರನ್ ಹೊಡ್ಕೊಂಡು ಬಂದ್ರೆ ಗಂಡಸ್ರೇ ದಾರಿ ಬುಡ್ತಾರೆ. ನನ್ ಮಗ ಶಿವರಾಮು ಚಾಮರಾಜನಗರದ ಬಸ್ ಡಿಪೋದಲ್ಲಿ ಕೆಲ್ಸ ಮಾಡ್ತಾನೆ, ಬೆಳಗ್ಗೆ ಬಸ್ ಹತ್ತಿದ್ರೆ ಬರೋದು ಸಂಜೆಗೇ. ಹೊಲದ್ದೆಲ್ಲಾ ಅವ್ಳೇ ನೋಡ್ಕೊಳೋದು.

ಹೊಲಕ್ಕೆ ಹಾಕೋದು ಚೆಂಡು ಹೂ. ನಮ್ ಕಡೆ ಚೆಂಡು ಹೂ ಅಂದ್ರೆ ಬಣ್ಣ ತೆಗೆಯೋ ಕಾರ್ಖಾನೆಗೇ. ಕಿತ್ತು ಮೂಟೆ ಕಟ್ಟು, ತೂಕ ಹಾಕ್ಸು, ಅರೆಯೋಕೆ ಸುರಿ. ನಾನು ಕೂಲಿಗೆ ಓಗ್ತಿದ್ದ ಕಾಲದಿಂದ ಕಿತ್ತ ಹೂವೆಲ್ಲಾ ಅಂಗೇ ಗೊಜ್ಜಾಗೋಯ್ತು. ಲಕ್ಷ್ಮಿದೇವಿಗೆ ಅದೇ ಸಂಕಟ. "ಒಂದ್ ಸಲನಾದ್ರೂ ನಮ್ ಹೂ ಹೂವಾಗೇ ಓಗ್ಬೇಕು ಕಣತ್ತೆ" ಅಂತಿದ್ಲು. ಓಣಂ ಹಬ್ಬಕ್ಕೆ ಕೇರಳದೋರು ಬಾಗಿಲ ಮುಂದೆ ಹೂವಲ್ಲೇ ರಂಗೋಲಿ ಹಾಕ್ತಾರಲ್ಲ, ಅದಕ್ಕೆ ಕಳಿಸೋ ಆಸೆ. ಪಕ್ಕದ ಹೊಲದೋರು ಕೇರಳದ ಬತ್ತೇರಿ ಊರಿನ ಹೂ ವ್ಯಾಪಾರಿ ನಂಬರ್ ಕೊಟ್ರು. ಅವ್ನು ಹೇಳಿದ್ದು ಒಂದೇ ಮಾತು: ವಿಡಿಯೋದಲ್ಲಿ ಹೂ ತೋರ್ಸಿ, ಒಪ್ಪಿಗೆ ಆದ್ರೆ ಗಾಡಿ ಕಳಿಸ್ತೀನಿ.

ಇವಳ್ತಾವ ಇದ್ದದ್ದು ಗುಂಡಿ ಒತ್ತೋ ಫೋನು. ಗುಂಡ್ಲುಪೇಟೆಗೆ ಓಗಿ, ಸಿಮ್ ಹಾಕೋ ಚಿಕ್ಕ ಟ್ಯಾಬೊಂದು ತಂದ್ಲು. "ಅದೇ ದುಡ್ಡಿಗೆ ಫೋನೇ ತರಬಾರ್ದಿತ್ತಾ?" ಅಂದ ಮಗ. "ವ್ಯಾಪಾರ ಮಾತಾಡುವಾಗ ಆ ಮನುಷ್ಯನ ಮುಖ ದೊಡ್ಡದಾಗಿ ಕಾಣ್ಬೇಕು. ಸುಳ್ಳು ಹೇಳಿದ್ರೆ ಗೊತ್ತಾಗ್ಬೇಕು" ಅಂದ್ಲು. ನಂಗೆ ಆ ಮಾತು ಬಲೇ ಇಷ್ಟ ಆಯ್ತು.

ಮಗ ಟ್ಯಾಬ ತಿರುಗ್ಸಿ ಮುರುಗ್ಸಿ ನೋಡ್ದ. ಬೆನ್ನು ಪ್ಲಾಸ್ಟಿಕ್ಕು. ಅವ್ನು ಆನ್ ಮಾಡ್ದ; ನಾನು ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕ್ಕೊಂಡ್ರೂ ಅದಿನ್ನೂ ಸುತ್ತುತಾನೇ ಇತ್ತು. ಬಂದ ದನಿನೋ, ಗಡಿಗೆ ಒಳಗಿಂದ ಮಾತಾಡ್ದಂಗೆ. "ಇಷ್ಟು ಅಗ್ಗಕ್ಕೆ ಸಿಕ್ಕಿದ್ದು ಇನ್ನೆಂಗಿರ್ತದೆ? ಅಂಗಡಿಯವ್ನು ನಿನ್ ತಲೆಗೆ ಕಟ್ಬುಟ್ಟವ್ನೆ ಕಣಮ್ಮಿ" ಅಂತ ನಕ್ಕ. ಅವ್ಳು ಮುಖ ಚಿಕ್ಕದು ಮಾಡ್ಕೊಂಡ್ಲು. ನಂಗೆ ಉರಿದೋಯ್ತು. "ಮನೆಗೆ ಬಂದ ಹೊಸ ವಸ್ತುವ ಅಂಗೆಲ್ಲಾ ಅನ್ಬ್ಯಾಡ ಕಣ್ಲಾ" ಅಂತ ಬೈದು, ದೇವ್ರ ಮುಂದಿಟ್ಟು, ಕುಂಕುಮ ನೀರಲ್ಲಿ ಕಲೆಸಿ, ಅದರ ಹಣೆಗೆ ಸರಿಯಾಗಿ ನಡೂಕೆ ಬೊಟ್ಟಿಟ್ಟೆ. ಊದ್ಬತ್ತೀನೂ ಬೆಳಗ್ದೆ.

ಮಾರನೇ ದಿನ ಹೊಲದ ತುಂಬಾ ಹಳದಿ. ಹೂ ಕೀಳೋ ಹದಕ್ಕೆ ನಿಂತಿತ್ತು, ಹಬ್ಬನೂ ಹತ್ರ ಬಂದಿತ್ತು. ಇವತ್ತು ಬತ್ತೇರಿಯೋನು ಒಪ್ಪದಿದ್ರೆ ಕಾರ್ಖಾನೇನೇ ಗತಿ. ಲಕ್ಷ್ಮಿದೇವಿ ವಿಡಿಯೋ ಕಾಲ್ ಮಾಡಿ, ಟ್ಯಾಬಿನ ಮುಖವ ಹೂವಿನ ಕಡೆ ತಿರುಗ್ಸಿ ಹಿಡಿದ್ಲು.

"ಚೇಚಿ, ಹೂ ಬಾಡಿದೆ. ಎಲ್ಲಾ ಕೆಂಪು ಕೆಂಪು. ನಂಗೆ ಬೇಡ" ಅಂದ. ಚೇಚಿ ಅಂದ್ರೆ ಅವ್ರಲ್ಲಿ ಅಕ್ಕ; ಅಕ್ಕ ಅಂದೋನೇ ಕಟ್ ಮಾಡ್ಬುಟ್ಟ.

ಅವ್ಳು ಬದು ಮೇಲೆ ಕುಸಿದ್ಲು. ಅಂಥ ಗಟ್ಟಿಗಿತ್ತಿ ಕಣ್ಣಲ್ಲಿ ನೀರು ಬಂದ್ಬುಡ್ತು. ಹೂ ಕೀಳೋಕೆ ಬಂದಿದ್ದ ನಾಗಮಣಿ, "ಸುಮ್ಕೆ ಕಾರ್ಖಾನೆಗೇ ಹೇಳ್ಬುಡಕ್ಕ, ಎಷ್ಟೊತ್ತು ಕಾಯದು?" ಅಂದ್ಲು. ಅವ್ನ ಕಣ್ಣಿಗೆ ಮಣ್ಣಾಕ, ಇಂಥ ಹೂವ ಬಾಡಿದೆ ಅಂತಾನಲ್ಲ! "ಎಸಿಯಮ್ಮಿ ಆ ದರಿದ್ರ ಹಲಗೆಯ!" ಅಂತ ಕೂಗ್ದೆ.

ಅವ್ಳು ಎಸೀಲಿಲ್ಲ. ಕ್ಯಾಮೆರಾ ಆನ್ ಮಾಡಿ ಅದರಲ್ಲಿ ತನ್ನ ಮುಖ ನೋಡ್ಕೊಂಡ್ಲು. "ಅತ್ತೆ, ನನ್ ಹಸಿರು ಸೀರೆನೂ ಕೆಂಪಗೆ ಕಾಣ್ತಾ ಅದೆ" ಅಂದ್ಲು. ಮೇಲ್ಗಡೆ ಬೆರಳಲ್ಲಿ ಸವರಿದ್ರೆ ಉಗುರಿಗೆ ಕುಂಕುಮ ಬಂತು. ಆ ಟ್ಯಾಬಿನ ಕ್ಯಾಮೆರಾ ಇರೋದೇ ಹಣೆ ನಡೂಕಂತೆ! ತಿರುಗಿ ನನ್ ಕಡೆ ನೋಡಿದ್ಲು.

"ಏನಮ್ಮಿ ಅಂಗ್ ನೋಡ್ತೀಯ? ಬೊಟ್ಟು ಹಣೆಗಿಡ್ದೆ ಇನ್ನೆಲ್ಲಿಗಿಡ್ಲಿ?" ಅಂದೆ.

ಅಳ್ತಿದ್ದೋಳು ಪಕ್ಕಂತ ನಕ್ಬುಟ್ಲು. ಸೆರಗಲ್ಲಿ ಚೆನ್ನಾಗಿ ಒರೆಸಿ ಮತ್ತೆ ಕಾಲ್ ಮಾಡಿದ್ಲು. ಆ ಪುಣ್ಯಾತ್ಮ ಎತ್ಲೇ ಇಲ್ಲ. ಮತ್ತೆ ಮಾಡಿದ್ಲು, ಊಹೂಂ. ಬೇರೆ ಯಾರಾದ್ರೂ ಆಗಿದ್ರೆ ಬುಟ್ಬುಡೋರು. ನನ್ ಸೊಸೆ ಟ್ಯಾಬ ಆರತಿ ತಟ್ಟೆ ಹಿಡ್ದಂಗೆ ಹಿಡ್ಕೊಂಡು ಸಾಲು ಸಾಲಲ್ಲೂ ನಡೆದು ವಿಡಿಯೋ ಮಾಡಿದ್ಲು. ಒಂದು ಹೂವ ಕಿತ್ತು, ದಳ ಬಿಡಿಸಿ ಒಳಗೂ ತೋರಿಸಿದ್ಲು. "ಅಣ್ಣ, ಆಗ ಟ್ಯಾಬಿಗೆ ಕುಂಕುಮ ಮೆತ್ತಿತ್ತು. ಈಗ ನೋಡಿ. ಬಾಡಿರೋ ಹೂ ಒಂದ್ ಕಂಡ್ರೂ ಗಾಡಿ ಕಳಿಸ್ಬ್ಯಾಡಿ" ಅಂತ ಮಾತಾಡಿ ಕಳಿಸಿದ್ಲು. ಅಷ್ಟು ಗಟ್ಟಿ ದನೀಲಿ ಅವ್ಳು ಮಾತಾಡಿದ್ದ ನಾನೂ ಕೇಳಿರ್ಲಿಲ್ಲ. ಎದೆ ಉಬ್ಬೋಯ್ತು.

ಬುತ್ತಿ ಬಿಚ್ಚೋ ಹೊತ್ತಿಗೆ ಅವ್ನೇ ಫೋನ್ ಮಾಡ್ದ. "ಚೇಚಿ, ಕೀಳ್ಸಿ. ಸಂಜೆಗೆ ಗಾಡಿ ಬರ್ತದೆ." ಉಣ್ಣೋದ ಬುಟ್ಟು ಎಲ್ರೂ ಸಾಲಿಗೆ ಇಳಿದ್ವಿ.

ಓಣಂ ದಿನ ಬೆಳಗ್ಗೆ ಟ್ಯಾಬು ಬಡ್ಕೊಳ್ತು. ಬತ್ತೇರಿಯೋನೇ. ಲಕ್ಷ್ಮಿದೇವಿ ಹೂ ಕಿತ್ತ ಹೆಂಗಸ್ರನ್ನೆಲ್ಲಾ ಕೂಗಿ, ಜಗಲಿ ಗೋಡೆಗೆ ಅದ ಒರಗಿಸಿ ಇಟ್ಲು. ಯಾವ್ದೋ ಮನೆ ಅಂಗಳ. ಅಂಗಳದ ತುಂಬಾ ಸುತ್ತು ಸುತ್ತಾಗಿ ಹೂ. "ಹಳದಿ ಎಲ್ಲಾ ನಿಮ್ದೇ ಚೇಚಿ" ಅಂದ ಅವ್ನು. ಸುತ್ತಾ ಮಕ್ಳು ಹೂವಿಗೆ ಕಾಲು ತಾಗದಂಗೆ ಹಿಂದಕ್ಕೆ ಸರ್ಕೊಂಡು ನಿಂತಿದ್ವು. ಜೀವಮಾನ ಎಲ್ಲಾ ಚೆಂಡು ಹೂ ಕಿತ್ತಿವ್ನಿ, ಅದಕ್ಕೆ ಇಷ್ಟು ಮರ್ವಾದೆ ಕೊಟ್ಟಿದ್ದ ಕಂಡಿದ್ದು ಅವತ್ತೇ. ಕಣ್ಣಲ್ಲಿ ನೀರು ಬಂತು, ಯಾಕ್ ಬರಬಾರ್ದು?

"ನಡೂಕಿರೋದು ನಾ ಕಿತ್ತ ಹೂ!" ಅಂದ್ಲು ನಾಗಮಣಿ. "ಓಗ್ ಓಗು, ಅದು ನನ್ ಸಾಲಿಂದು" ಅಂದ್ಲು ಇನ್ನೊಬ್ಳು. ಜಗಳವೇ ಹತ್ಕೊಂಡ್ತು.

"ಸುಮ್ಕಿರ್ರಮ್ಮಿ!" ಅಂದೆ ನಾನು. "ಅಷ್ಟೂ ನನ್ ಸೊಸೆ ಹೂ."